ದೊಡ್ಡಮ್ಮ ಎತ್ತಿದ ಕಾರ್ಡು

ಹಾಸನದ ಡಾಕ್ಟರು ಹಾಳೆಯ ಮೇಲೆ ಹೃದಯದ ಚಿತ್ರ ಬರೆದು, ಮೂರು ಕಡೆ ಬ್ಲಾಕ್ ಇದೆ, ಬೈಪಾಸ್ ಆಗಲೇಬೇಕು, ಹೆಚ್ಚು ದಿನ ತಳ್ಳಬೇಡಿ ಎಂದರು. ನಮ್ಮ ದೊಡ್ಡಪ್ಪ ಆ ಚಿತ್ರವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು ಅರಸೀಕೆರೆಗೆ ವಾಪಸ್ ಬಂದರು. ಅದು ಕ್ರಿಸ್‌ಮಸ್ ಕಳೆದ ವಾರ. ಹೊಸ ವರ್ಷ ಬಂದ ಮೇಲೆ, ಆಪರೇಷನ್ ಬೇಡ ಎಂದುಬಿಟ್ಟರು.

ಭಯವಾ? ಅಲ್ಲ. ಹಠವಾ? ಅದೂ ಅಲ್ಲ. ಒಂದು ಕಾರ್ಡು.

ವಿಸಿಟಿಂಗ್ ಕಾರ್ಡಿನಷ್ಟು ಉದ್ದಗಲ. ಅಂಚಿನಲ್ಲಿ ಗುಲಾಬಿ ಹೂವು. ನಡುವೆ ಎರಡು ಸಾಲಿನ ಬೈಬಲ್ ವಚನ. ನೀನು ಸುಮ್ಮನಿರು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂಬರ್ಥದ್ದು. ಜನವರಿ ಒಂದನೇ ತಾರೀಕು ದೇವರು ದೊಡ್ಡಪ್ಪನಿಗೆ ಕಳಿಸಿದ್ದು. (ಪ್ರಿಂಟ್ ಮಾಡಿದ್ದು ಮಾತ್ರ ಯಾವುದೋ ಕ್ಯಾಲೆಂಡರ್ ಪ್ರೆಸ್ಸು.)

"ಸುಮ್ಮನಿರು ಅಂತ ಬಂದಿದೆ, ಸುಮ್ಮನಿರ್ತೀನಿ ಅಂತ ಕೂತುಬಿಟ್ಟವ್ರೆ ಕಣೋ," ಎಂದು ದೊಡ್ಡಮ್ಮ ಫೋನಿನಲ್ಲಿ ಗೋಳಾಡಿದಳು. "ಊರೂರಿಗೆ ಹೋಗಿ ಡಿಬೇಟ್ ಮಾಡಿ ಕಪ್ ತಂದೋನಲ್ವಾ ನೀನು? ಒಂದ್ಸಲ ಬಂದು ನಿಮ್ಮ ದೊಡ್ಡಪ್ಪನ ಹತ್ರ ಮಾಡು. ನೋಡೋಣ ನಿನ್ನ ಯೋಗ್ಯತೆ."

ಕಾರ್ಡಿನ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮದು ಕ್ರೈಸ್ತ ಮನೆತನ. ರೈಲಿನ ನೌಕರಿ ಹಿಡಿದು ಅರಸೀಕೆರೆ ಜಂಕ್ಷನ್ನಿಗೆ ಬಂದು, ಅಲ್ಲೇ ಬೇರು ಬಿಟ್ಟ ಕುಟುಂಬಗಳಲ್ಲಿ ಒಂದು. ನಮ್ಮ ಚರ್ಚಿನಲ್ಲಿ ಜನವರಿ ಒಂದರ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಒಂದು ಹಳೆಯ ಬಿಸ್ಕೆಟ್ ಡಬ್ಬ ಸಾಲಿನಿಂದ ಸಾಲಿಗೆ ಸಾಗುತ್ತದೆ. ಅದರ ತುಂಬ ವಾಗ್ದಾನದ ಕಾರ್ಡುಗಳು. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಪ್ರಾರ್ಥಿಸಿ, ಒಂದನ್ನು ಎತ್ತಬೇಕು. ಕೈಗೆ ಬಂದದ್ದು ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ಬರಲಾಗದವರ ಪರವಾಗಿ ಮನೆಯವರು ಎತ್ತುತ್ತಾರೆ. ಈ ಸಲ ದೊಡ್ಡಪ್ಪ ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಅವರ ಕಾರ್ಡು ಎತ್ತಿದ್ದು ದೊಡ್ಡಮ್ಮ.

ಈ ಡಬ್ಬದ ಮೇಲೆ ನನಗೆ ಚಿಕ್ಕಂದಿನಿಂದಲೂ ಅನುಮಾನ. ಕೈ ಹಾಕುವುದು ನಾನು, ಕೊಡುವುದು ದೇವರು. ಎಷ್ಟು ಅನುಕೂಲದ ಏರ್ಪಾಡು ನೋಡಿ! ವರ್ಷ ಚೆನ್ನಾಗಿ ಕಳೆದರೆ ಅವನ ಕೃಪೆ. ಕೆಟ್ಟದಾಗಿ ಕಳೆದರೆ ನನ್ನ ಅಪನಂಬಿಕೆ. ಸಂಡೇ ಸ್ಕೂಲಿನಲ್ಲಿ ಒಮ್ಮೆ ಕೇಳಿದ್ದೆ. ಟೀಚರ್, ನಾನು ಯಾವ ಕಾರ್ಡು ಎತ್ತುತ್ತೇನೆ ಅಂತ ದೇವರಿಗೆ ಮೊದಲೇ ಗೊತ್ತಾ? ಗೊತ್ತು ಎಂದರು. ಹಾಗಾದರೆ ಬೇರೆ ಕಾರ್ಡು ಎತ್ತುವುದಕ್ಕೆ ನನ್ನ ಕೈಲಿ ಆಗುತ್ತಾ? ಟೀಚರ್ ಸ್ವಲ್ಪ ಹೊತ್ತು ಯೋಚಿಸಿ, ಹೊರಗೆ ಹೋಗಿ ನಿಂತ್ಕೋ ಎಂದರು. (ನಾನು ಹೊರಗೆ ನಿಂತದ್ದು ದೇವರ ಚಿತ್ತವೋ ಟೀಚರ ಚಿತ್ತವೋ, ಇನ್ನೂ ಇತ್ಯರ್ಥವಾಗಿಲ್ಲ.)

ಇದು ನನ್ನೊಬ್ಬನ ತಲೆಹರಟೆ ಅಂದುಕೊಳ್ಳಬೇಡಿ. ಕ್ರೈಸ್ತ ಪಂಡಿತರು ಶತಮಾನಗಳಿಂದ ಇದೇ ಗಂಟು ಬಿಚ್ಚುತ್ತಾ ಕೂತಿದ್ದಾರೆ. ಎಲ್ಲವನ್ನೂ ದೇವರು ಮೊದಲೇ ನೇಮಿಸಿದ್ದಾನೆ ಎನ್ನುವವರು ಒಂದು ಕಡೆ. ಮನುಷ್ಯನಿಗೆ ಸ್ವಂತ ಆಯ್ಕೆ ಇದೆ, ಅದಕ್ಕೇ ಪಾಪ ಪುಣ್ಯ ಎನ್ನುವವರು ಇನ್ನೊಂದು ಕಡೆ. ಎರಡೂ ನಿಜ ಎನ್ನುವವರು ಮಧ್ಯದಲ್ಲಿ. ನನಗೆ ಹೆಚ್ಚು ಅನುಮಾನ ಇರುವುದು ಈ ಮಧ್ಯದವರ ಮೇಲೆ. ಹಾಗಂತ ನಾನೇನು ಸಾಚಾ ಅಲ್ಲ. ಕಾಲೇಜಿನಲ್ಲಿ 'ಹಣೆಬರಹವೋ ಪ್ರಯತ್ನವೋ' ಎಂಬ ವಿಷಯಕ್ಕೆ ಒಂದು ವರ್ಷ ಪರ ಮಾತಾಡಿ ಗೆದ್ದೆ, ಮರುವರ್ಷ ವಿರೋಧ ಮಾತಾಡಿ ಗೆದ್ದೆ. ಅವತ್ತಿನಿಂದ ವಾದ ಎಂಬುದರ ಮೇಲೂ ಸ್ವಲ್ಪ ಅನುಮಾನ.

ಇರಲಿ. ಬೇಲೂರಿನಿಂದ ಬೆಳಗಿನ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಅರ್ಧ ಬಸ್ಸು ಇಳಿಯಿತು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಜಾವಗಲ್, ಬಾಣಾವರ ದಾಟುವಷ್ಟರಲ್ಲಿ ಪಾಯಿಂಟುಗಳನ್ನೆಲ್ಲ ಮೊಬೈಲಿನಲ್ಲಿ ಟೈಪ್ ಮಾಡಿಕೊಂಡಿದ್ದೆ. ಒಟ್ಟು ಹದಿಮೂರು.

ಮನೆಗೆ ಹೋದರೆ ಪಕ್ಕದ ಮನೆಯ ಜಯಮ್ಮ ಆಗಲೇ ದೊಡ್ಡಪ್ಪನ ಮಂಚದ ಪಕ್ಕ ಕೂತಿದ್ದರು. ಕಣಕಟ್ಟೆ ಕಡೆಯವರು. ಊರಿಂದ ತಂದ ಎಳನೀರು ಕೊಡುವ ನೆಪದಲ್ಲಿ ಬುದ್ಧಿ ಹೇಳಲು ಬಂದಿದ್ದರು.

"ನಮ್ಮೂರಲ್ಲೂ ದೇವ್ರನ್ನ ಕೇಳೋದು ಐತೆ ಕಣಣ್ಣ. ನಾವು ಹೂ ಕೇಳ್ತೀವಿ. ಬಲಕ್ಕೆ ಬಿದ್ರೆ ಹೂಂ ಅಂತ, ಎಡಕ್ಕೆ ಬಿದ್ರೆ ಬ್ಯಾಡ ಅಂತ."

"ಎಡಕ್ಕೆ ಬಿದ್ರೆ ಏನ್ ಮಾಡ್ತೀರಾ?" ಎಂದೆ.

"ಇನ್ನೊಂದ್ಸಲ ಕೇಳ್ತೀವಿ. ಬಲಕ್ಕೆ ಬೀಳೋಗಂಟ ಕೇಳ್ತೀವಿ! ಇವ್ರೂ ಇನ್ನೊಂದು ಕಾರ್ಡು ಎತ್ಲಿ, ಏನೀಗ?"

"ದೇವರ ಹತ್ರ ರೀವ್ಯಾಲ್ಯುಯೇಷನ್ನಿಗೆ ಹಾಕೋಕಾಗುತ್ತೇನಮ್ಮ?" ಎಂದು ದೊಡ್ಡಪ್ಪ ನಕ್ಕರು. ನಕ್ಕಿದ್ದಕ್ಕೇ ಎದೆ ಹಿಡಿದುಕೊಂಡರು. ನಾಲ್ಕು ಮಹಡಿ ಹತ್ತಿ ಬಂದವರ ಹಾಗೆ ಏದುಸಿರು. ಬಾಗಿಲ ಹತ್ತಿರ ನಿಂತಿದ್ದ ದೊಡ್ಡಮ್ಮನ ಮುಖ ನೋಡಿದೆ. ಹದಿಮೂರು ಪಾಯಿಂಟುಗಳಲ್ಲಿ ಐದಾರು ಅಲ್ಲೇ ಮರೆತುಹೋದವು.

ಜಯಮ್ಮ ಎದ್ದು ಹೋದ ಮೇಲೆ ಶುರು ಮಾಡಿದೆ.

ದೊಡ್ಡಪ್ಪನ ಬಗ್ಗೆ ಒಂದು ಮಾತು. ಹೆಸರು ಜಯರಾಜ್. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ಸೇರಿ, ಲಿವರ್ ಎಳೆದು ಎಳೆದೇ ರಿಟೈರ್ ಆದವರು. ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಕೂಡಿಸುವ ಕೆಲಸ. ಇಂಥವರ ಹತ್ತಿರ ವಿಧಿ, ಆಯ್ಕೆ ಅಂತ ವಾದಕ್ಕೆ ಕೂರುವಾಗ ಹುಷಾರಾಗಿರಬೇಕು. ನಾನು ಹುಷಾರಾಗಿರಲಿಲ್ಲ.

"ದೊಡ್ಡಪ್ಪ, ನಿಮ್ಮ ಆಯಸ್ಸು ಎಷ್ಟು ಅಂತ ದೇವರು ಮೊದಲೇ ನಿರ್ಧರಿಸಿದ್ದಾನಾ?"

"ಹೂಂ."

"ಮತ್ತೆ ಬಿ.ಪಿ. ಮಾತ್ರೆ ಯಾಕೆ ನುಂಗ್ತೀರಾ?"

"ಮಾತ್ರೆ ನುಂಗ್ತೀನಿ ಅನ್ನೋದನ್ನೂ ಅವನೇ ನಿರ್ಧರಿಸವ್ನೆ."

"ಹಾಗಾದ್ರೆ ಆಪರೇಷನ್ನೂ ಅವನೇ ನಿರ್ಧರಿಸಿರಬಹುದಲ್ಲ?"

"ಇರಬಹುದಿತ್ತು. ಸುಮ್ಮನಿರು ಅಂತ ಕಳಿಸವ್ನಲ್ಲ," ಎಂದು ಗೋಡೆಯ ಕನ್ನಡಿ ಕಡೆ ಕೈ ತೋರಿಸಿದರು. ಕನ್ನಡಿಯ ಚೌಕಟ್ಟಿಗೆ ಗುಲಾಬಿ ಹೂವಿನ ಕಾರ್ಡು ಸಿಕ್ಕಿಸಿತ್ತು.

"ಆ ಡಬ್ಬದಲ್ಲಿ ಯಾವತ್ತಾದ್ರೂ ಕೆಟ್ಟ ಕಾರ್ಡು ನೋಡಿದ್ದೀರಾ? ಈ ವರ್ಷ ನಿನಗೆ ಕಷ್ಟ ಕಾದಿದೆ ಅಂತ ಯಾರಿಗಾದ್ರೂ ಬಂದಿದ್ಯಾ? ಪ್ರೆಸ್ಸಿನವನು ಒಳ್ಳೊಳ್ಳೇದನ್ನೇ ಆರಿಸಿ ಹಾಕಿರ್ತಾನೆ. ದೇವರಿಗಿಂತ ಮೊದಲು ಆಯ್ಕೆ ಮಾಡೋನು ಅವನು."

"ಲೋ, ರೈಲ್ವೆ ಟೈಮ್‌ಟೇಬಲ್ಲಿನಲ್ಲಿ ಈ ಗಾಡಿ ಲೇಟು ಅಂತ ಪ್ರಿಂಟ್ ಮಾಡ್ತಾರೇನೋ?"

ಒಂದು ಪಾಯಿಂಟು ಹೋಯಿತು. ನನ್ನ ದೊಡ್ಡ ಅಸ್ತ್ರ ತೆಗೆದೆ. ಕ್ರಿಸ್ತನನ್ನು ಹಿಡಿದುಕೊಟ್ಟ ಶಿಷ್ಯ. ಹಿಡಿದುಕೊಡುವುದು ಮೊದಲೇ ನೇಮಕವಾಗಿತ್ತು ಅಂದಮೇಲೆ ಅವನದೇನು ತಪ್ಪು? ಅವನು ಬೇಡ ಅಂದಿದ್ದರೆ ಶಿಲುಬೆ ಇಲ್ಲ, ಶಿಲುಬೆ ಇಲ್ಲದಿದ್ದರೆ ರಕ್ಷಣೆ ಇಲ್ಲ. ಎರಡು ಸಾವಿರ ವರ್ಷದಿಂದ ಬೈಸಿಕೊಳ್ಳುತ್ತಿದ್ದಾನಲ್ಲ, ಇದ್ಯಾವ ನ್ಯಾಯ?

ದೊಡ್ಡಪ್ಪ ದಿಂಬಿಗೆ ಒರಗಿಕೊಂಡರು. ಗೆದ್ದೆ ಅಂದುಕೊಂಡೆ.

"ನಾನು ಸರ್ವಿಸ್ಸಿಗೆ ಸೇರಿದ ಹೊಸದರಲ್ಲಿ ಯಾರ್ಡಿನಲ್ಲಿ ಗೂಡ್ಸ್ ಗಾಡಿದು ಎರಡು ವ್ಯಾಗನ್ ಹಳಿ ತಪ್ಪಿದ್ವು," ಎಂದರು. "ಯಾರಿಗೂ ಏಟಾಗ್ಲಿಲ್ಲ, ಸದ್ಯ. ಹಳಿ ಕೂಡಿಸೋ ಪಾಯಿಂಟ್ ಪೂರ್ತಿ ಕೂತಿರ್ಲಿಲ್ಲ. ನಾನು ನೋಡ್ದೆ ಸನ್ನೆ ಕೊಟ್ಬಿಟ್ಟಿದ್ದೆ. ಎನ್‌ಕ್ವೈರಿ ಆಯ್ತು. ಆವತ್ತೂ ನಾನು ಎಲ್ಲಾ ದೇವರ ಚಿತ್ತ ಅಂತ ನಂಬ್ತಿದ್ದೋನೇ. ಆದ್ರೆ ಪೇಪರ್ ಮೇಲೆ ಏನ್ ಬರ್ದೆ ಗೊತ್ತೇನೋ? ತಪ್ಪು ನಂದು ಅಂತ. ದೇವರ ಚಿತ್ತ ಅಂತ ಬರೀಲಿಲ್ಲ. ಪ್ರಮೋಷನ್ ಹೋಯ್ತು. ನಿನ್ನ ಆ ಶಿಷ್ಯಂದೂ ಅಷ್ಟೇ. ನೇಮಕ ದೇವರದು, ಕೈ ನಂದು."

"ಸಿಕ್ಕಿಬಿದ್ರಿ! ಕೈ ನಿಮ್ಮದಾದ್ರೆ ಆಪರೇಷನ್ ಬೇಡ ಅನ್ನೋದೂ ನಿಮ್ಮ ಕೈಯೇ. ಅದನ್ನ ದೇವರ ಮೇಲೆ ಯಾಕೆ ಹಾಕ್ತೀರಾ?"

"ಹಾಕ್ತಿಲ್ಲ ಕಣೋ. ಆರ್ಡರ್ ಬಂದಮೇಲೆ ಪಾಯಿಂಟ್ಸ್‌ಮನ್ ತನ್ನಿಷ್ಟಕ್ಕೆ ಲಿವರ್ ಎಳೀಬಾರದು. ಅಷ್ಟೇ ನಾನು ಹೇಳ್ತಿರೋದು."

ಮತ್ತೆ ಕನ್ನಡಿ ಕಡೆ ಕೈ ತೋರಿಸಿ, ಕಣ್ಣು ಮುಚ್ಚಿಕೊಂಡರು. ಡಿಬೇಟ್ ಮುಗಿಯಿತು. ಕಪ್ ಅವರಿಗೆ.

ಸೋತ ಮುಖ ಹೊತ್ತು ಅಡುಗೆಮನೆಗೆ ಹೋದೆ. ದೊಡ್ಡಮ್ಮ ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಏನೂ ಕೇಳಲಿಲ್ಲ. ಅವಳೇ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ನಿಂಗೊಂದು ಹೇಳ್ತೀನಿ. ಯಾರಿಗೂ ಹೇಳಬೇಡ. ಆಣೆ."

"ಹೇಳು."

"ಅದು ಇವರ ಕಾರ್ಡಲ್ಲ ಕಣೋ. ಮೊದಲು ಇವರ ಹೆಸರಲ್ಲಿ ಕೈ ಹಾಕಿದಾಗ ತಮಿಳು ಕಾರ್ಡು ಬಂತು. ನಂಗೆ ಓದೋಕೆ ಬರಲ್ಲ, ಇವರಿಗೂ ಬರಲ್ಲ. ಯಾರೂ ನೋಡಲಿಲ್ಲ ಅಂತ ಮೆಲ್ಲಗೆ ಒಳಗೆ ಹಾಕಿ ಇನ್ನೊಂದು ಎತ್ಕೊಂಡೆ."

ನಮ್ಮ ಚರ್ಚಿನಲ್ಲಿ ಇದು ಆಗಬಹುದಾದ ಎಡವಟ್ಟೇ. ರೈಲ್ವೆ ಕಾಲೊನಿಯ ಸಭೆಯಲ್ಲಿ ಕನ್ನಡದವರಷ್ಟೇ ತಮಿಳಿನವರೂ ಇದ್ದಾರೆ. ಡಬ್ಬ ಒಂದೇ. ಎರಡೂ ಭಾಷೆಯ ಕಾರ್ಡು ಬೆರೆಸಿ ಇಡುತ್ತಾರೆ. ತಮಿಳು ಬಂದ ಕನ್ನಡದವರು ಪಕ್ಕದವರ ಹತ್ತಿರ ಓದಿಸಿಕೊಳ್ಳಬೇಕು. ವಾಪಸ್ ಹಾಕುವ ಹಾಗಿಲ್ಲ.

ಅಂದರೆ ಇಡೀ ಸಭೆಯ ಕಣ್ಣೆದುರು ದೊಡ್ಡಮ್ಮ ದೇವರ ನಿರ್ಧಾರವನ್ನು ವಾಪಸ್ ಕಳಿಸಿದ್ದಾಳೆ! ನಿಜವಾದ ಆರ್ಡರು ಡಬ್ಬದೊಳಗೆ ಹೋಗಿದೆ. ಅದರಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ. ಕನ್ನಡಿಯಲ್ಲಿರುವುದು ದೊಡ್ಡಮ್ಮನ ಆಯ್ಕೆ. ಹದಿನಾಲ್ಕನೇ ಪಾಯಿಂಟು!

ಯಾರಿಗೂ ಹೇಳಬೇಡ ಅಂದಿದ್ದಳು. ಆಣೆ ಬೇರೆ. ನಾನು ಎಷ್ಟು ಹೊತ್ತು ತಡೆದುಕೊಂಡೆ? ಅಡುಗೆಮನೆಯಿಂದ ದೊಡ್ಡಪ್ಪನ ಮಂಚದವರೆಗೆ. ಸುಮಾರು ಹನ್ನೆರಡು ಹೆಜ್ಜೆ.

ಕೇಳಿದ ದೊಡ್ಡಪ್ಪ ಎದ್ದು ಕೂತರು. "ಹೌದೇನೇ ಸುಗುಣಾ?"

ದೊಡ್ಡಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ತಲೆ ಎತ್ತಲಿಲ್ಲ. ಹೂಂ ಎಂದಳು.

ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. ನಿಧಾನಕ್ಕೆ ಗೋಡೆ ಹಿಡಿದು ನಿಂತು, ಕನ್ನಡಿಯಿಂದ ಕಾರ್ಡು ತೆಗೆದು, ಹಿಂದೆ ಮುಂದೆ ನೋಡಿ, ಮೇಜಿನ ಮೇಲಿಟ್ಟರು.

"ಸಿಗ್ನಲ್ಲಿನ ದೀಪ ಆರಿಹೋಗಿದ್ರೆ ಏನರ್ಥ ಗೊತ್ತೇನೋ?"

"ಇಲ್ಲ."

"ಕೆಂಪು ಅಂತಲೇ ಲೆಕ್ಕ. ದೀಪ ಇಲ್ಲ, ನಂಗೇನೂ ಹೇಳಿಲ್ಲ ಅಂತ ಡ್ರೈವರ್ ನುಗ್ಗೋ ಹಾಗಿಲ್ಲ. ಗಾಡಿ ನಿಲ್ಲಿಸಿ, ಡ್ಯೂಟಿಲಿ ಇರೋರನ್ನ ಕೇಳ್ಬೇಕು."

"ಈಗ ಡ್ಯೂಟಿಲಿ ಯಾರಿದ್ದಾರೆ?"

ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಡಾಕ್ಟರು ಬರೆದ ಹೃದಯದ ಚಿತ್ರ. ಅಷ್ಟು ದಿನವೂ ಬಿಸಾಡಿರಲಿಲ್ಲ. "ಫೋನ್ ಮಾಡು," ಎಂದರು.

ಹಾಸನದ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಕೊಟ್ಟರು. ನಾನು ಸ್ವಇಚ್ಛೆಯಿಂದ ಈ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದೇನೆ, ಏನಾದರೂ ಆದರೆ ವೈದ್ಯರಾಗಲಿ ಆಸ್ಪತ್ರೆಯಾಗಲಿ ಹೊಣೆಯಲ್ಲ. ಅದನ್ನು ಕೊಟ್ಟ ಕೌಂಟರಿನ ಗೋಡೆಯಲ್ಲೇ, ನಾವು ಚಿಕಿತ್ಸೆ ಮಾಡುತ್ತೇವೆ, ಗುಣಪಡಿಸುವವನು ದೇವರು ಎಂಬ ಬೋರ್ಡು. ಇಚ್ಛೆ ರೋಗಿಯದು, ಗುಣ ದೇವರದು. ಕತ್ತಿ ಮಾತ್ರ ಇವರದು!

"ಇವರೂ ನಮ್ಮ ಚರ್ಚಿನ ಅಯ್ಯನೋರ ಥರಾನೇ ಕಣೋ, ಎರಡೂ ಕಡೆ ಮಾತಾಡ್ತಾರೆ," ಎಂದು ದೊಡ್ಡಪ್ಪ ಸೈನ್ ಮಾಡಿದರು. ಸಾಕ್ಷಿಯ ಜಾಗದಲ್ಲಿ ನನ್ನ ಸೈನು. ಸ್ವಇಚ್ಛೆಗೆ ಸಾಕ್ಷಿ! ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ದೊಡ್ಡಮ್ಮ ಒಂದು ಬೆಂಚಿನಲ್ಲಿ ಕೂತಳು. ಐದು ಗಂಟೆ ಕಾಲ ಎದ್ದೇಳಲಿಲ್ಲ. ನನ್ನನ್ನೂ ಏಳಲು ಬಿಡಲಿಲ್ಲ. ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳಿನ ಗುರುತು ಸಂಜೆಯವರೆಗೂ ಇತ್ತು.

ಆಪರೇಷನ್ ಆಯಿತು. ದೊಡ್ಡಪ್ಪ ಉಳಿದರು. ಎಚ್ಚರವಾದ ಮೇಲೆ ಎದೆಯ ಹೊಲಿಗೆ ತೋರಿಸಿ, "ಮೇನ್ ಲೈನ್ ಬ್ಲಾಕ್ ಆಗಿತ್ತು, ಬಳಸಿ ಹೋಗೋ ಲೂಪ್ ಲೈನ್ ಹಾಕವ್ರೆ" ಎಂದರು. ಆಮೇಲೆ ನನ್ನನ್ನು ಉರಿಸಲೆಂದೇ ಒಂದು ಮಾತು ಸೇರಿಸಿದರು. "ನೀನು ಬಂದು ಬಾಯಿ ಬಿಟ್ಟಿದ್ದೂ ಅವನ ನೇಮಕಾನೇ ಕಣೋ." ನೋಡಿದಿರಾ? ನನ್ನ ಬಾಯಿಬಡುಕತನವನ್ನೂ ದೇವರ ಖಾತೆಗೆ ಬರೆದುಬಿಟ್ಟರು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ.

ಕಳೆದ ಭಾನುವಾರ ದೊಡ್ಡಪ್ಪನ ಮನೆಯಲ್ಲಿ ಕೃತಜ್ಞತಾ ಪ್ರಾರ್ಥನೆ ಇಟ್ಟುಕೊಂಡಿದ್ದರು. ಚರ್ಚಿನ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಬಂದಿದ್ದರು. ಊಟವಾದ ಮೇಲೆ ದೊಡ್ಡಪ್ಪ ನೆಂಟರನ್ನು ಕಳಿಸಲು ಗೇಟಿನ ಹತ್ತಿರ ನಿಂತಿದ್ದರು. ನಾನು ಅಯ್ಯನವರಿಗೆ ಬಾಳೆಹಣ್ಣು ಕೊಡುತ್ತಾ, ಎರಡು ಭಾಷೆಯ ಕಾರ್ಡು ಬೆರೆಸಿದರೆ ಜನರಿಗೆ ಗೊಂದಲ ಆಗುವುದಿಲ್ಲವೇ ಎಂದು ಸುಮ್ಮನೆ ಕೇಳಿದೆ. (ಸುಮ್ಮನೆ ಏನಲ್ಲ. ಕೆದಕುವ ಚಟ.)

"ಈ ವರ್ಷ ಬೆರೆಸೋಕೆ ಎಲ್ಲಿತ್ತಪ್ಪ?" ಎಂದರು ಅಯ್ಯನವರು. "ತಮಿಳು ಕಾರ್ಡಿನ ಪಾರ್ಸೆಲ್ ಬಂದಿದ್ದೇ ಜನವರಿ ಎರಡನೇ ವಾರ. ಒಂದನೇ ತಾರೀಕು ಡಬ್ಬದಲ್ಲಿ ಇದ್ದಿದ್ದೆಲ್ಲಾ ಕನ್ನಡದ್ದೇ. ಪಾಪ, ತಮಿಳಿನವರಿಗೆ ಸಂಕ್ರಾಂತಿ ಹೊತ್ತಿಗೆ ಹೊಸ ವರ್ಷ ಬಂತು."

ಬಾಳೆಹಣ್ಣು ಅವರ ಕೈಲಿ ಬಿಟ್ಟು ನೇರ ಅಡುಗೆಮನೆಗೆ ನಡೆದೆ. ದೊಡ್ಡಮ್ಮ ಉಳಿದ ಸಾರನ್ನು ಚಿಕ್ಕ ಪಾತ್ರೆಗೆ ಬಗ್ಗಿಸುತ್ತಿದ್ದಳು.

"ದೊಡ್ಡಮ್ಮ, ಹೊಸ ವರ್ಷದ ದಿನ ಡಬ್ಬದಲ್ಲಿ ತಮಿಳು ಕಾರ್ಡೇ ಇರಲಿಲ್ಲವಂತೆ."

ಸಾರಿನ ಧಾರೆ ನಿಲ್ಲಲಿಲ್ಲ. "ಇರ್ಲಿಲ್ಲ," ಎಂದಳು.

"ಮತ್ತೆ?"

"ಮತ್ತೇನು? ಒಂದೇ ಸಲ ಕೈ ಹಾಕಿದ್ದು. ಬಂದಿದ್ದೂ ಅದೇ. ಸುಮ್ಮನಿರು ಅಂತ."

"ಸುಳ್ಳು ಹೇಳಿದ್ಯಾ!"

"ಮೆಲ್ಲಗೆ ಮಾತಾಡೋ. ಅಯ್ಯನೋರಿದ್ದಾರೆ."

"ಸುಳ್ಳು ಹೇಳೋದಾದ್ರೆ ನೀನೇ ಅವರಿಗೆ ಹೇಳಬಹುದಿತ್ತಲ್ಲ? ನನ್ನ ಯಾಕೆ ಮಧ್ಯ ತಂದೆ?"

"ನಾನು ಹೇಳಿದ್ರೆ ನಂಬ್ತಿದ್ರಾ? ಆಪರೇಷನ್ ಮಾಡಿಸ್ಕೊಳ್ಳಿ ಅಂತ ದಿನಾ ಕಾಲು ಹಿಡೀತಿದ್ದೋಳು ನಾನು. ಕಟ್ಟಿದ ಕಥೆ ಅಂತ ತಕ್ಷಣ ಗೊತ್ತಾಗ್ತಿತ್ತು. ಗುಟ್ಟು ಅಂತ ನಿಂಗೆ ಹೇಳಿ, ನಿನ್ನ ಬಾಯಿಂದ ಈಚೆ ಬಂದ್ರೆ ಯಾರಿಗೂ ಅನುಮಾನ ಬರಲ್ಲ."

"ಯಾರಿಗೂ ಹೇಳಬೇಡ ಅಂತ ಆಣೆ ಹಾಕಿದ್ದೆ!"

"ಹಾಕಿದ್ದೆ. ನಿನ್ನ ಬಾಯಿ ನಂಗೊತ್ತಿಲ್ವೇನೋ? ತೊಟ್ಟಿಲಿಂದ ನೋಡ್ತಾ ಇದೀನಿ. ಹೊಸ್ತಿಲು ದಾಟೋಷ್ಟರಲ್ಲಿ ಹೇಳ್ತೀಯ ಅಂತ ಗೊತ್ತಿತ್ತು."

"ಅಂದ್ರೆ ನನ್ನ ಕೈಲಿ ಹೇಳಿಸಿದೆ."

"ನಾನೆಲ್ಲೋ ಹೇಳಿಸ್ದೆ? ಬೇಡ ಅಂದೆ. ನೀನಾಗೇ ಹೋಗಿ ಹೇಳ್ದೆ."

ಸಂಡೇ ಸ್ಕೂಲಿನಲ್ಲಿ ನನ್ನನ್ನು ಹೊರಗೆ ನಿಲ್ಲಿಸಿದ ಪ್ರಶ್ನೆಗೆ ಉತ್ತರ ಅಡುಗೆಮನೆಯಲ್ಲಿ ಸಿಗಬೇಕೇ? ನಾನು ಏನು ಮಾಡುತ್ತೇನೆ ಎಂದು ಒಬ್ಬರಿಗೆ ಮೊದಲೇ ಖಾತ್ರಿಯಾಗಿ ಗೊತ್ತಿತ್ತು. ಆದರೂ ಯಾರೂ ನನ್ನನ್ನು ತಳ್ಳಲಿಲ್ಲ. ಆ ಹನ್ನೆರಡು ಹೆಜ್ಜೆ ಇಟ್ಟವನು ನಾನೇ. ಬೇಕಾದರೆ ಆರನೇ ಹೆಜ್ಜೆಗೆ ನಿಲ್ಲಬಹುದಿತ್ತು. (ನಿಲ್ಲಬಹುದಿತ್ತಾ?) ಮಧ್ಯದವರು ಹೇಳುವುದು ಇದನ್ನೇ ಇರಬೇಕು.

ಆದರೆ ನನ್ನ ಅನುಮಾನ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ. ದೊಡ್ಡಮ್ಮನಿಗೆ ನನ್ನ ಬಾಯಿ ಎಂಥದ್ದು ಎಂದು ಗೊತ್ತಿತ್ತು, ಸರಿ. ಆ ಬಾಯನ್ನು ಮಾಡಿದವಳು ಅವಳಲ್ಲವಲ್ಲ? ಮಾಡಿದವನು ಬೇರೆ ಇದ್ದಾನೆ ಅಂತಾದರೆ, ಇಂಥ ಬಾಯಿ ಕೊಟ್ಟು ಆಮೇಲೆ ನೀನೇ ಹೇಳಿದ್ದು ಅನ್ನುವುದು ಎಲ್ಲಿಯ ನ್ಯಾಯ? ಇದಕ್ಕೆ ಉತ್ತರ ದೊಡ್ಡಮ್ಮನ ಹತ್ತಿರವೂ ಇಲ್ಲ, ಅಯ್ಯನವರ ಹತ್ತಿರವೂ ಇಲ್ಲ. ಯಾರ ಹತ್ತಿರವಾದರೂ ಇದ್ದರೆ ಬರೆದು ತಿಳಿಸಿ.

"ಪಾಪ ಅಲ್ವಾ ದೊಡ್ಡಮ್ಮ? ದೇವರ ಹೆಸರಲ್ಲಿ ಸುಳ್ಳು?"

"ಅಲ್ದೆ ಏನೋ? ಪಾಪಾನೇ." ಪಾತ್ರೆಗೆ ಮುಚ್ಚಳ ಮುಚ್ಚಿದಳು. "ದೇವರು ಕೇಳಿದಾಗ ನಾನೇ ಉತ್ತರ ಕೊಡ್ತೀನಿ. ನೀನೇ ಮಾಡಿಸ್ದೆ ಅಂತ ಅವನ ಮೇಲೆ ಹಾಕಲ್ಲ."

ಯಾರ್ಡಿನ ಎನ್‌ಕ್ವೈರಿಯಲ್ಲಿ ದೊಡ್ಡಪ್ಪ ಬರೆದುಕೊಟ್ಟ ಮಾತೇ ಅದು. ಇಬ್ಬರೂ ಒಂದೇ ಸಭೆಯವರು, ನೋಡಿ.

"ಆದ್ರೆ ಇವರ ಮುಖ ನೋಡಿದಾಗೆಲ್ಲ ಚುಚ್ಚುತ್ತೆ ಕಣೋ," ಎಂದಳು. "ಮದುವೆ ಆದಾಗಿಂದ ಇವರಿಗೆ ಒಂದು ಸುಳ್ಳು ಹೇಳಿದೋಳಲ್ಲ. ದಿನಾ ಹೇಳ್ಬೇಕು ಅಂತ ಹೋಗ್ತೀನಿ. ಬಾಯೇ ಬರಲ್ಲ."

ಹೊರಗೆ ಗೇಟು ಮುಚ್ಚಿದ ಸದ್ದು. ದೊಡ್ಡಪ್ಪ ಯಾರ ಆಸರೆಯೂ ಇಲ್ಲದೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ದೊಡ್ಡಮ್ಮ ಬೇಗ ಬೇಗ ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು, ಮತ್ತದೇ ಮಾತು ಹೇಳಿದಳು. "ಯಾರಿಗೂ ಹೇಳಬೇಡ."

ಈ ಸಲ ನಾನು ತಡೆದುಕೊಂಡೆ. ಮೂರು ದಿನ. ನಿನ್ನೆ ಅಂಕಣಕ್ಕೆ ಕೂತಾಗ ತಡೆಯಲಾಗದೆ ಫೋನ್ ಮಾಡಿ, 'ಇದನ್ನು ಬರೆಯಲಾ ದೊಡ್ಡಮ್ಮ' ಎಂದು ಕೇಳಿದೆ. ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ, "ನಿನ್ನಿಷ್ಟ ಕಣೋ" ಎಂದು ಫೋನಿಟ್ಟಳು.

ನಮ್ಮ ದೊಡ್ಡಪ್ಪ ಈ ಅಂಕಣವನ್ನು ಒಂದು ವಾರವೂ ಬಿಡದೆ, ಬೆಳಗಿನ ಕಾಫಿ ಕುಡಿಯುತ್ತಾ ದೊಡ್ಡಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಅದು ಅವಳಿಗೆ ಗೊತ್ತು. ನನ್ನ ಬಾಯಿ ಎಂಥದ್ದು ಎಂಬುದೂ ಗೊತ್ತು.

ಈಗ ನೀವೇ ಹೇಳಿ, ಈ ವಾರದ ಅಂಕಣವನ್ನು ನಾನು ಬರೆದೆನೋ, ದೊಡ್ಡಮ್ಮ ಬರೆಸಿದಳೋ?